ಚುಚ್ಚುಮದ್ದುಗಳ ಸೂಕ್ಷ್ಮಜೀವಿ ಗುಣನಿಯಂತ್ರಣ: ಯುರೋಪು ಮತ್ತು ಅಮೆರಿಕದ ಕಾರ್ಖಾನೆಗಳಲ್ಲಿ

ರಕ್ತನಾಳ, ಸ್ನಾಯು, ಚರ್ಮದಡಿಯ ಪದರ ಅಥವಾ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ನೇರವಾಗಿ ಸೇರುವ ಔಷಧಗಳಲ್ಲಿ ಜೀವಂತ ಸೂಕ್ಷ್ಮಜೀವಿಗಳಾಗಲಿ, ಅವು ಸತ್ತ ಮೇಲೂ ಉಳಿಯುವ ಜ್ವರಕಾರಕ ಪದಾರ್ಥಗಳಾಗಲಿ ಇಲ್ಲವೆಂಬ ಭರವಸೆಯನ್ನು ಒದಗಿಸುವ ಪ್ರಯೋಗಾಲಯ ಕಾರ್ಯಕ್ಕೆ ಸೂಕ್ಷ್ಮಜೀವಿ ಗುಣನಿಯಂತ್ರಣ ಎಂದು ಹೆಸರು. ಬಾಯಿಯ ಮೂಲಕ ನುಂಗುವ ಗುಳಿಗೆಯಲ್ಲಿ ಕೆಲವು ನೂರು ಬ್ಯಾಕ್ಟೀರಿಯಗಳಿದ್ದರೂ ಜಠರದ ಆಮ್ಲ ಮತ್ತು ಕರುಳಿನ ಗೋಡೆ ಅವನ್ನು ತಡೆಯುತ್ತವೆ. ಸೂಜಿಯಾದರೋ ದೇಹದ ಈ ಕಾವಲುಗಳನ್ನೆಲ್ಲ ದಾಟಿ ಒಳಗಿಳಿಯುವುದರಿಂದ ಚುಚ್ಚುಮದ್ದಿಗೆ ಅಂಥ ರಿಯಾಯಿತಿ ಇಲ್ಲ. ಆದ್ದರಿಂದ ಈ ವಿಭಾಗದ ಕೆಲಸ ಸೀಸೆಯೊಳಗಿನ ಔಷಧಕ್ಕೆ ಸೀಮಿತವಾಗದೆ, ಅದನ್ನು ಕರಗಿಸುವ ನೀರು, ಅದು ತೆರೆದುಕೊಳ್ಳುವ ಗಾಳಿ, ಅದನ್ನು ತುಂಬುವ ಯಂತ್ರದ ಮೈ ಮತ್ತು ಯಂತ್ರದ ಬಳಿ ನಿಲ್ಲುವ ಮನುಷ್ಯರವರೆಗೆ ಹರಡಿಕೊಂಡಿದೆ. ಐರ್ಲೆಂಡಿನ ಕಾರ್ಕ್ ಮತ್ತು ವಾಟರ್‌ಫರ್ಡ್, ಡೆನ್ಮಾರ್ಕಿನ ಕಾಲುಂಡ್‌ಬೋರ್, ಬೆಲ್ಜಿಯಮ್ಮಿನ ಪ್ಯೂರ್ಸ್, ಜರ್ಮನಿಯ ರಾವೆನ್ಸ್‌ಬರ್ಗ್, ಅಮೆರಿಕದ ನಾರ್ತ್ ಕ್ಯಾರೊಲಿನಾ ಮೊದಲಾದ ಕಡೆಗಳ ಔಷಧ ಕಾರ್ಖಾನೆಗಳಲ್ಲಿ ಇದು ಸ್ವತಂತ್ರ ವೃತ್ತಿಯಾಗಿ ಬೆಳೆದಿದ್ದು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಪದವಿ ಪಡೆದ ಭಾರತೀಯರೂ ಅದರಲ್ಲಿ ತೊಡಗಿದ್ದಾರೆ.

ಪರೀಕ್ಷೆ ಮತ್ತು ಅದರ ಮಿತಿ

ಕ್ರಿಮಿಶೂನ್ಯತೆಯ ಪರೀಕ್ಷೆ ಬ್ರಿಟಿಷ್ ಫಾರ್ಮಕೋಪಿಯದಲ್ಲಿ 1932ರಲ್ಲೂ ಅಮೆರಿಕದ ಫಾರ್ಮಕೋಪಿಯದಲ್ಲಿ 1936ರಲ್ಲೂ ಸ್ಥಾನ ಪಡೆಯಿತು. ಫಾರ್ಮಕೋಪಿಯ ಎಂದರೆ ಔಷಧಗಳ ಗುಣಮಟ್ಟವನ್ನೂ ಪರೀಕ್ಷಾ ವಿಧಾನಗಳನ್ನೂ ನಿಗದಿಪಡಿಸುವ, ಕಾನೂನಿನ ಬಲವುಳ್ಳ ಗ್ರಂಥ. ಇಂದು ಯುರೋಪು, ಅಮೆರಿಕ, ಜಪಾನುಗಳ ಗ್ರಂಥಗಳು ಈ ಪರೀಕ್ಷೆಯ ಮಟ್ಟಿಗೆ ಬಹುತೇಕ ಒಂದೇ ಪಾಠವನ್ನು ಹೊಂದಿವೆ. ಔಷಧವನ್ನು 0.45 ಮೈಕ್ರಾನ್ ರಂಧ್ರಗಳುಳ್ಳ ಪೊರೆಯ ಮೂಲಕ ಸೋಸಿ, ಸೂಕ್ಷ್ಮಜೀವಿಗಳಿದ್ದರೆ ಪೊರೆಯ ಮೇಲೆಯೇ ಉಳಿಯುವಂತೆ ಮಾಡಿ, ಔಷಧದ ಅಂಶವನ್ನು ತೊಳೆದುಹಾಕಿ, ಪೊರೆಗೆ ಎರಡು ಬಗೆಯ ಪೋಷಕ ದ್ರವಗಳನ್ನು ಉಣಿಸಲಾಗುತ್ತದೆ: ಆಮ್ಲಜನಕವಿಲ್ಲದೆ ಬದುಕುವ ಜೀವಿಗಳನ್ನೂ ಎಬ್ಬಿಸಬಲ್ಲ ಥಯೊಗ್ಲೈಕೊಲೇಟ್ ದ್ರವವನ್ನು 30ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ, ಬೂಷ್ಟಿಗೂ ಆಮ್ಲಜನಕ ಬಳಸುವ ಬ್ಯಾಕ್ಟೀರಿಯಗಳಿಗೂ ಹಿತವಾದ ಸೋಯಾ-ಕೇಸಿನ್ ದ್ರವವನ್ನು 20ರಿಂದ 25 ಡಿಗ್ರಿಯಲ್ಲಿಯೂ 14 ದಿನ ಕಾವಿನಲ್ಲಿಡಬೇಕು. ದ್ರವ ತಿಳಿಯಾಗಿಯೇ ಉಳಿದರೆ ಬ್ಯಾಚು ಉತ್ತೀರ್ಣ, ಕದಡಿದರೆ ಅನುತ್ತೀರ್ಣ. ಪೋಷಕ ದ್ರವ ನಿಜವಾಗಿ ಪೋಷಿಸುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಲು, ಗುರುತಿಸಲ್ಪಟ್ಟ ಜೀವಿಸಂಗ್ರಹಾಲಯಗಳಿಂದ ತರಿಸಿದ ಸ್ಟೆಫೈಲೊಕಾಕಸ್, ಸೂಡೊಮೊನಾಸ್, ಬ್ಯಾಸಿಲಸ್, ಕ್ಲಾಸ್ಟ್ರಿಡಿಯಮ್, ಕ್ಯಾಂಡಿಡ, ಆಸ್ಪರ್‌ಜಿಲಸ್ ತಳಿಗಳನ್ನು ನೂರಕ್ಕಿಂತ ಹೆಚ್ಚಿಲ್ಲದಷ್ಟು ಸಂಖ್ಯೆಯಲ್ಲಿ ಹಾಕಿ, ಅವು ಬೆಳೆಯುವುದನ್ನು ಮೊದಲೇ ನೋಡಿಕೊಳ್ಳಬೇಕಾಗುತ್ತದೆ.

ಈ ಪರೀಕ್ಷೆಯ ಒಳಗೇ ಒಂದು ದೊಡ್ಡ ದೌರ್ಬಲ್ಯವಿದೆ, ಮತ್ತು ಈ ಕ್ಷೇತ್ರದ ಉಳಿದೆಲ್ಲ ವ್ಯವಸ್ಥೆಯೂ ಆ ದೌರ್ಬಲ್ಯವನ್ನು ಸರಿದೂಗಿಸುವ ಪ್ರಯತ್ನವೆಂದರೆ ಅತಿಶಯೋಕ್ತಿಯಾಗದು. 500ಕ್ಕಿಂತ ಹೆಚ್ಚು ಸೀಸೆಗಳ ಬ್ಯಾಚಿನಿಂದ ಸಾಮಾನ್ಯವಾಗಿ ಆರಿಸುವುದು ಶೇಕಡ 2ರಷ್ಟು ಅಥವಾ 20 ಸೀಸೆ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು. ಸಾವಿರಕ್ಕೊಂದು ಸೀಸೆ ಕಲುಷಿತವಾಗಿರುವ ಬ್ಯಾಚಿನಿಂದ 20 ಸೀಸೆ ತೆಗೆದರೆ ದೋಷ ಸಿಕ್ಕಿಬೀಳುವ ಸಂಭವ ಶೇಕಡ 2ರಷ್ಟು ಮಾತ್ರ. ನೂರಕ್ಕೊಂದು ಕೆಟ್ಟಿದ್ದರೂ ಅದು ಶೇಕಡ 18ನ್ನು ಸ್ವಲ್ಪವೇ ಮೀರುತ್ತದೆ. ಅಂದರೆ ಉತ್ತೀರ್ಣವಾದ ಫಲಿತಾಂಶ ಬ್ಯಾಚಿನ ಬಗ್ಗೆ ಹೇಳುವುದು ತೀರ ಕಡಿಮೆ. ಇನ್ನೊಂದೆಡೆ, ಅಂತಿಮವಾಗಿ ಸೀಸೆಯಲ್ಲೇ ಆವಿಯಿಂದ ಬೇಯಿಸಿದ ಔಷಧದಿಂದ ನಿರೀಕ್ಷಿಸಲಾಗುವ ಭರವಸೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಹೆಚ್ಚು ಕಲುಷಿತ ಸೀಸೆ ಇರಕೂಡದೆಂಬುದು. ಈ ಎರಡು ಸಂಖ್ಯೆಗಳ ನಡುವಣ ಕಂದರವನ್ನು ಯಾವ ಪ್ರಯೋಗಾಲಯವೂ ಪರೀಕ್ಷೆಯಿಂದ ತುಂಬಲಾರದು.

ಇದು ಬರಿಯ ಲೆಕ್ಕಾಚಾರವಲ್ಲವೆಂಬುದನ್ನು ಇಂಗ್ಲೆಂಡಿನ ಪ್ಲಿಮತ್ ನಗರದ ಡೆವನ್‌ಪೋರ್ಟ್ ಆಸ್ಪತ್ರೆಯ ಪ್ರಕರಣ ತೋರಿಸಿಕೊಟ್ಟಿತು. 1971ರ ಏಪ್ರಿಲ್‌ನಲ್ಲಿ ತಯಾರಾದ ಶೇಕಡ 5ರ ಡೆಕ್ಸ್‌ಟ್ರೋಸ್ ದ್ರಾವಣದ ಬ್ಯಾಚೊಂದನ್ನು ಬೇಯಿಸುವಾಗ ಆಟೊಕ್ಲೇವಿನ, ಅಂದರೆ ಒತ್ತಡದ ಆವಿಯಿಂದ ಬೇಯಿಸುವ ಯಂತ್ರದ, ತಳಭಾಗದಲ್ಲಿ ಗಾಳಿ ಸಿಕ್ಕಿಕೊಂಡು, ಕೆಳಗಿನ ಸಾಲಿನ ಬಾಟಲಿಗಳಿಗೆ ಬೇಕಾದ ಶಾಖ ತಲುಪಲೇ ಇಲ್ಲ. ಬ್ಯಾಚು ಪರೀಕ್ಷೆಗಳನ್ನು ದಾಟಿ ಮಾರುಕಟ್ಟೆಗೆ ಹೋಯಿತು. 1972ರ ಮಾರ್ಚಿನಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳು ಸಾವನ್ನಪ್ಪಿದಾಗ ಶಂಕೆ ಆ ಬಾಟಲಿಗಳ ಮೇಲೆ ಬಿದ್ದು, ಬ್ರಿಟಿಷ್ ಸರ್ಕಾರ ನೇಮಿಸಿದ ಕ್ಲೋದಿಯರ್ ಸಮಿತಿ ಅದೇ ವರ್ಷ ವರದಿ ಸಲ್ಲಿಸಿತು. ಇದಕ್ಕೆ ತುಸು ಮುಂಚೆ, 1970–71ರಲ್ಲಿ, ಅಮೆರಿಕದ 25 ಆಸ್ಪತ್ರೆಗಳಲ್ಲಿ ನಾಳಕ್ಕೆ ಹರಿಸುವ ದ್ರಾವಣಗಳಿಂದ ರಕ್ತಸೋಂಕು ಹರಡಿತ್ತು. ಬಾಟಲಿಯ ತಿರುಪು ಮುಚ್ಚಳದ ಒಳಪದರವನ್ನು ಹೊಸ ವಸ್ತುವಿಗೆ ಬದಲಿಸಿದ್ದೇ ಅಲ್ಲಿ ಕಾರಣವಾಗಿತ್ತು. ಈ ಎರಡೂ ಪ್ರಕರಣಗಳಲ್ಲಿ ತಪ್ಪು ನಡೆದದ್ದು ಯಂತ್ರದಲ್ಲಿ ಮತ್ತು ಮುಚ್ಚಳದಲ್ಲಿ, ಹಾಗಾಗಿ ಪ್ರಯೋಗಾಲಯದ ಮೇಜಿನ ಮೇಲೆ ಅದು ಕಾಣುವಂತಿರಲಿಲ್ಲ. ಕರ್ನಾಟಕದಲ್ಲಿ 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ಬಳಿಕ ನಾಳಕ್ಕೆ ಹರಿಸುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಬಳಕೆಯನ್ನು ತಡೆಹಿಡಿದಾಗಲೂ, ರಾಜ್ಯದ ಪ್ರಯೋಗಾಲಯ ಅನುತ್ತೀರ್ಣವೆಂದ ಕೆಲವು ಬ್ಯಾಚುಗಳನ್ನು ಕೇಂದ್ರದ ಪ್ರಯೋಗಾಲಯ ಸರಿಯಾಗಿವೆ ಎಂದದ್ದು ಸಾರ್ವಜನಿಕ ಚರ್ಚೆಗೆ ಬಂದಿತ್ತು.

ಇಂಥ ಅನುಭವಗಳ ಫಲವಾಗಿ ಗಮನವು ಕೊನೆಯ ಪರೀಕ್ಷೆಯಿಂದ ತಯಾರಿಕೆಯ ಕ್ರಮದ ಕಡೆಗೆ ಸರಿಯಿತು. ಶಾಖಕ್ಕೆ ಅತ್ಯಂತ ಗಟ್ಟಿಯಾಗಿ ನಿಲ್ಲುವ ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಬ್ಯಾಕ್ಟೀರಿಯದ ಬೀಜಕಗಳನ್ನು ಆಟೊಕ್ಲೇವಿನ ತಂಪು ಮೂಲೆಗಳಲ್ಲಿಟ್ಟು ಅವು ಸತ್ತವೇ ಎಂದು ನೋಡುವುದು, 0.22 ಮೈಕ್ರಾನಿನ ಸೋಸುಪೊರೆಯ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕೋಟಿ ಬ್ರೆವುಂಡಿಮೊನಾಸ್ ಡಿಮಿನ್ಯೂಟ ಜೀವಿಗಳನ್ನು ಸುರಿದು ಒಂದೂ ಆಚೆ ದಾಟದಿರುವುದನ್ನು ಸಾಬೀತುಪಡಿಸುವುದು ಮೊದಲಾದ ಕ್ರಮಗಳು ರೂಢಿಗೆ ಬಂದವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1985ರಲ್ಲಿ, ಆಟೊಕ್ಲೇವಿನ ತಾಪ ಮತ್ತು ಒತ್ತಡದ ದಾಖಲೆಗಳ ಆಧಾರದ ಮೇಲೆಯೇ, ಕ್ರಿಮಿಶೂನ್ಯತೆಯ ಪರೀಕ್ಷೆ ಇಲ್ಲದೆ ಬ್ಯಾಚನ್ನು ಬಿಡುಗಡೆ ಮಾಡುವುದಕ್ಕೆ ಮೊದಲ ಬಾರಿಗೆ ಅನುಮತಿ ಕೊಟ್ಟಿತು. ಆದರೆ ಲಸಿಕೆ, ಇನ್ಸುಲಿನ್, ಪ್ರತಿಕಾಯ ಔಷಧ ಮುಂತಾದ ಪ್ರೋಟೀನುಗಳು 121 ಡಿಗ್ರಿಯ ಆವಿಯಲ್ಲಿ ಹಾಳಾಗುತ್ತವೆ. ಅವುಗಳನ್ನು ಸೋಸಿ, ಮೊದಲೇ ಕ್ರಿಮಿಶೂನ್ಯಗೊಳಿಸಿದ ಸೀಸೆಗಳಿಗೆ ಕ್ರಿಮಿಶೂನ್ಯ ವಾತಾವರಣದಲ್ಲಿ ತುಂಬಬೇಕು. ಇದಕ್ಕೆ ಅಸೆಪ್ಟಿಕ್ ತಯಾರಿಕೆ ಎನ್ನುತ್ತಾರೆ. ಈ ವೃತ್ತಿಯ ನಿಜವಾದ ಭಾರ ಬೀಳುವುದು ಇಲ್ಲಿಯೇ.

ಜ್ವರಕಾರಕಗಳು

ಸತ್ತ ಬ್ಯಾಕ್ಟೀರಿಯವೂ ಅಪಾಯಕಾರಿಯೆಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈದ್ಯರನ್ನು ಕಾಡಿದ ಒಗಟು. ಚೆನ್ನಾಗಿ ಕುದಿಸಿದ ಲವಣದ್ರಾವಣ ಕೊಟ್ಟರೂ ರೋಗಿಗೆ ಚಳಿಜ್ವರ ಬರುತ್ತಿತ್ತು. ಅಮೆರಿಕದ ಜೀವರಸಾಯನಶಾಸ್ತ್ರಜ್ಞೆ ಫ್ಲಾರೆನ್ಸ್ ಸೀಬರ್ಟ್ 1920ರ ದಶಕದ ಮೊದಲ ವರ್ಷಗಳಲ್ಲಿ ಇದರ ಮೂಲ ಭಟ್ಟಿಯಿಳಿಸಿದ ನೀರಿನಲ್ಲಿದೆ ಎಂದು ತೋರಿಸಿದರು: ಕುದಿಯುವ ನೀರಿನ ಸೂಕ್ಷ್ಮ ಹನಿಗಳು ಆವಿಯ ಜೊತೆ ಹಾರಿ ಬಂದು, ಬ್ಯಾಕ್ಟೀರಿಯಜನ್ಯ ಪದಾರ್ಥವನ್ನು ಶುದ್ಧ ನೀರಿಗೆ ಬೆರೆಸುತ್ತಿದ್ದವು. ಈ ಪದಾರ್ಥ ಮುಖ್ಯವಾಗಿ ಗ್ರಾಮ್-ಋಣ ಬ್ಯಾಕ್ಟೀರಿಯಗಳ ಹೊರಪೊರೆಯ ಎಂಡೊಟಾಕ್ಸಿನ್ ಎಂಬ ಲಿಪಿಡ್-ಶರ್ಕರ ಸಂಯುಕ್ತ. ಅದು ಆಟೊಕ್ಲೇವಿನ ಶಾಖಕ್ಕೆ ನಾಶವಾಗದು, 0.22 ಮೈಕ್ರಾನಿನ ಪೊರೆಯಲ್ಲೂ ನಿಲ್ಲದು. ಗಾಜಿನ ಸೀಸೆಗಳಿಂದ ಅದನ್ನು ತೊಲಗಿಸಲು 250 ಡಿಗ್ರಿಯ ಒಣಶಾಖ ಬೇಕು. ಔಷಧಕ್ಕೆ ಒಮ್ಮೆ ಸೇರಿದರೆ ತೆಗೆಯುವ ಉಪಾಯಗಳು ವಿರಳವಾಗಿರುವುದರಿಂದ ಅದು ಬಾರದಂತೆ ನೋಡಿಕೊಳ್ಳುವುದೇ ಮುಖ್ಯ ದಾರಿ.

ಅಮೆರಿಕದ ಫಾರ್ಮಕೋಪಿಯ 1942ರಲ್ಲಿ ಅಳವಡಿಸಿಕೊಂಡ ಪರೀಕ್ಷೆಯಲ್ಲಿ ಮೊಲದ ಕಿವಿಯ ನಾಳಕ್ಕೆ ಔಷಧ ಚುಚ್ಚಿ ಮೂರು ಗಂಟೆಗಳ ಕಾಲ ಅದರ ಮೈಕಾವನ್ನು ಅಳೆಯುತ್ತಿದ್ದರು. ಇದಕ್ಕೆ ಬದಲಿಯಾಗಿ ಬಂದದ್ದು ಸಮುದ್ರದ ಒಂದು ಪ್ರಾಚೀನ ಜೀವಿ. ಫ್ರೆಡರಿಕ್ ಬ್ಯಾಂಗ್ ಎಂಬ ವಿಜ್ಞಾನಿ 1956ರಲ್ಲಿ, ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಕುದುರೆಲಾಳದ ಏಡಿಯ ನೀಲಿ ರಕ್ತ ಗ್ರಾಮ್-ಋಣ ಬ್ಯಾಕ್ಟೀರಿಯದ ಸೋಂಕಿಗೆ ಹೆಪ್ಪುಗಟ್ಟುವುದನ್ನು ವರದಿ ಮಾಡಿದರು. ಮುಂದೆ ಜ್ಯಾಕ್ ಲೆವಿನ್ ಜೊತೆಗೂಡಿ ಅದು ಎಂಡೊಟಾಕ್ಸಿನ್ನಿನಿಂದಲೇ ಆಗುವುದೆಂದು ತೋರಿಸಿದರು. ಏಡಿಯ ರಕ್ತಕೋಶಗಳ ಸಾರವಾದ ಲಿಮ್ಯುಲಸ್ ಲೈಸೇಟನ್ನು ಬಳಸುವ ಈ ವಿಧಾನ 1980ರಲ್ಲಿ ಅಮೆರಿಕದ ಫಾರ್ಮಕೋಪಿಯ ಸೇರಿತು. ಸರಳ ರೂಪದಲ್ಲಿ ಲೈಸೇಟ್ ಮತ್ತು ಔಷಧವನ್ನು ಪುಟ್ಟ ಕೊಳವೆಯಲ್ಲಿ ಬೆರೆಸಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಕೊಳವೆಯನ್ನು ತಲೆಕೆಳಗು ಮಾಡಿದಾಗ ಗಟ್ಟಿಯಾದ ಹೆಪ್ಪು ಜಾರದೆ ನಿಂತರೆ ಎಂಡೊಟಾಕ್ಸಿನ್ ಇದೆಯೆಂದು ಅರ್ಥ. ಆಧುನಿಕ ಉಪಕರಣಗಳು ದ್ರವ ಕದಡುವ ಅಥವಾ ಬಣ್ಣ ಬದಲಾಗುವ ವೇಗವನ್ನೇ ಅಳೆದು ಪ್ರಮಾಣವನ್ನು ಕೊಡುತ್ತವೆ. ನಾಳಕ್ಕೆ ಕೊಡುವ ಔಷಧದಲ್ಲಿ ಗಂಟೆಗೆ ದೇಹತೂಕದ ಪ್ರತಿ ಕಿಲೊಗ್ರಾಮಿಗೆ 5 ಎಂಡೊಟಾಕ್ಸಿನ್ ಘಟಕಗಳೂ, ಬೆನ್ನುಹುರಿಯ ದ್ರವಕ್ಕೆ ಕೊಡುವುದರಲ್ಲಿ 0.2 ಘಟಕವೂ ಮಿತಿ. ಚುಚ್ಚುಮದ್ದಿಗೆ ಬಳಸುವ ನೀರಿನಲ್ಲಿ ಮಿಲಿಲೀಟರಿಗೆ 0.25 ಘಟಕ.

ರಕ್ತಕ್ಕಾಗಿ ಏಡಿಗಳನ್ನು ಹಿಡಿದು ಮತ್ತೆ ಸಮುದ್ರಕ್ಕೆ ಬಿಟ್ಟರೂ ಅವುಗಳಲ್ಲಿ ಒಂದು ಪಾಲು ಸಾಯುತ್ತದೆ, ಅವುಗಳ ಮೊಟ್ಟೆಯನ್ನು ನಂಬಿದ ವಲಸೆಹಕ್ಕಿಗಳಿಗೂ ಕಷ್ಟವಾಗುತ್ತದೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಡಿಂಗ್ ಜೀಕ್ ಲಿಂಗ್ ಮತ್ತು ಹೋ ಬೋ ಅವರು 1990ರ ದಶಕದಲ್ಲಿ, ಹೆಪ್ಪುಗಟ್ಟುವಿಕೆಯ ಮೊದಲ ಕೊಂಡಿಯಾದ ಫ್ಯಾಕ್ಟರ್ ಸಿ ಎಂಬ ಪ್ರೋಟೀನನ್ನು ಏಡಿಯ ನೆರವಿಲ್ಲದೆ ಜೀವಕೋಶಗಳಲ್ಲಿ ತಯಾರಿಸುವ ದಾರಿ ಕಂಡುಹಿಡಿದರು. ಯುರೋಪಿನ ಫಾರ್ಮಕೋಪಿಯ 2021ರ ಜನವರಿಯಿಂದ ಇದಕ್ಕೆ ಪ್ರತ್ಯೇಕ ಅಧ್ಯಾಯ ಕೊಟ್ಟಿದೆ. ಮೊಲದ ಪರೀಕ್ಷೆಯನ್ನು 2025ರ ಜುಲೈನಿಂದ ತನ್ನ ಪಾಠಗಳಿಂದ ಪೂರ್ತಿ ಕೈಬಿಟ್ಟಿದೆ. ಒಂದು ವಿಧಾನ ಸಿದ್ಧವಾದ ಮೇಲೆ ಕಾನೂನಿನ ಗ್ರಂಥಕ್ಕೆ ಏರಲು ಕಾಲು ಶತಮಾನ ಹಿಡಿಯಬಲ್ಲದೆಂಬುದಕ್ಕೆ ಫ್ಯಾಕ್ಟರ್ ಸಿ ಒಳ್ಳೆಯ ನಿದರ್ಶನ, ಮತ್ತು ಈ ವೃತ್ತಿಯ ಸಂಪ್ರದಾಯಶೀಲತೆಗೂ ಅದೇ ಸಾಕ್ಷಿ.

ಗಾಳಿ, ನೀರು, ಮನುಷ್ಯ

ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ವಿಲಿಸ್ ವಿಟ್‌ಫೀಲ್ಡ್ 1960ರ ದಶಕದ ಆರಂಭದಲ್ಲಿ ರೂಪಿಸಿದ ಕ್ಲೀನ್‌ರೂಮ್, ಅಂದರೆ ಸೋಸಿದ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಸಮವಾಗಿ ಹರಿಸುವ ಕೋಣೆ, ಅಸೆಪ್ಟಿಕ್ ತಯಾರಿಕೆಯ ತಳಹದಿ. ಯುರೋಪಿನ ಉತ್ತಮ ತಯಾರಿಕಾ ಕ್ರಮಗಳ ಒಂದನೆಯ ಅನುಬಂಧವು ಇಂಥ ಕೋಣೆಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆಗಳಾಗಿ ವಿಂಗಡಿಸಿದೆ. ಸೀಸೆ ತೆರೆದಿರುವ ಎ ದರ್ಜೆಯ ಜಾಗದಲ್ಲಿ ಘನಮೀಟರಿಗೆ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3520ನ್ನು ಮೀರಕೂಡದು, ಸೂಕ್ಷ್ಮಜೀವಿಗಳ ಬೆಳವಣಿಗೆಯಂತೂ ಇರಲೇಕೂಡದು; ಅದನ್ನು ಸುತ್ತುವರಿದ ಬಿ ದರ್ಜೆಯ ಗಾಳಿಯಲ್ಲಿ ಘನಮೀಟರಿಗೆ 10, ಸಿ ದರ್ಜೆಯಲ್ಲಿ 100, ಡಿ ದರ್ಜೆಯಲ್ಲಿ 200 ಜೀವಿಘಟಕಗಳವರೆಗೆ, ಅಂದರೆ ತಟ್ಟೆಯಲ್ಲಿ ಚುಕ್ಕೆಯಾಗಿ ಬೆಳೆಯಬಲ್ಲ ಅಷ್ಟು ಜೀವಿಗಳವರೆಗೆ, ಸಹಿಸಬಹುದು. 2022ರ ಆಗಸ್ಟಿನಲ್ಲಿ ಪ್ರಕಟವಾಗಿ 2023ರ ಆಗಸ್ಟ್ 25ರಿಂದ ಜಾರಿಗೆ ಬಂದ ಪರಿಷ್ಕೃತ ಅನುಬಂಧವು ಹಳೆಯದಕ್ಕಿಂತ ಹಲವು ಪಟ್ಟು ಹಿಗ್ಗಿದ್ದು, ಪ್ರತಿ ಕಾರ್ಖಾನೆಯೂ ಮಾಲಿನ್ಯ ಎಲ್ಲಿಂದ ಬರಬಹುದು, ಅದನ್ನು ಹೇಗೆ ತಡೆಯಲಾಗಿದೆ ಎಂಬುದನ್ನು ಒಂದೇ ಬರಹದಲ್ಲಿ ಒಟ್ಟಿಗೆ ನಿರೂಪಿಸಬೇಕೆಂದು ಕೇಳುತ್ತದೆ. ಮಾಲಿನ್ಯ ನಿಯಂತ್ರಣ ಕಾರ್ಯತಂತ್ರವೆಂದು ಕರೆಯಲಾಗುವ ಈ ಬರಹವನ್ನು ಸಿದ್ಧಪಡಿಸಲು ಹಲವು ಕಾರ್ಖಾನೆಗಳು ಸೂಕ್ಷ್ಮಜೀವಿಶಾಸ್ತ್ರಜ್ಞರನ್ನು ಪ್ರಯೋಗಾಲಯದಿಂದ ಹೊರಗೆ ಕರೆತಂದು ಎಂಜಿನಿಯರುಗಳ ಜೊತೆ ಕೂರಿಸಬೇಕಾಯಿತು, ಮತ್ತು ಅನುಬಂಧದ ನಿಜವಾದ ಲಾಭ ಅದೇ ಇರಬಹುದು.

ಪರಿಸರದ ಮೇಲಿನ ನಿಗಾ ಈ ವಿಭಾಗದ ನಿತ್ಯದ ದುಡಿಮೆ. ಗಾಳಿಯನ್ನು ಅಳೆದು ಹೀರಿ ಅಗಾರ್ ಎಂಬ ಪೋಷಕ ಜೆಲ್ಲಿಯ ತಟ್ಟೆಯ ಮೇಲೆ ಬಡಿಸುವ ಯಂತ್ರ, ನಾಲ್ಕು ಗಂಟೆ ಬಾಯ್ತೆರೆದು ಇಡುವ 90 ಮಿಲಿಮೀಟರಿನ ತಟ್ಟೆ, ಗೋಡೆ ಮತ್ತು ಯಂತ್ರಗಳ ಮೈಗೆ ಒತ್ತುವ 55 ಮಿಲಿಮೀಟರಿನ ಉಬ್ಬುತಟ್ಟೆ, ಮೂಲೆಮುಡುಕುಗಳಿಗೆ ಒರೆಸುವ ಸ್ವಾಬ್ ಇವು ಸಾಧನಗಳು. ಈ ಉಬ್ಬುತಟ್ಟೆಯ ಅಗಾರಿಗೆ ಲೆಸಿಥಿನ್ ಮತ್ತು ಪಾಲಿಸಾರ್ಬೇಟ್ ಬೆರೆಸುವುದು, ಮೇಲ್ಮೈಯಲ್ಲಿ ಉಳಿದ ಸೋಂಕುನಾಶಕ ತಟ್ಟೆಯ ಮೇಲೂ ಜೀವಿಗಳನ್ನು ಅದುಮಿ ಸುಳ್ಳು ಸಮಾಧಾನ ಕೊಡದಿರಲೆಂದು. ತಟ್ಟೆಗಳನ್ನು ಮೊದಲು ಕಡಿಮೆ ಕಾವಿನಲ್ಲಿಟ್ಟು ಆಮೇಲೆ ಹೆಚ್ಚಿನ ಕಾವಿಗೆ ಒಯ್ಯಬೇಕೇ ಅಥವಾ ತಿರುಗಿಸಿ ಮಾಡಬೇಕೇ ಎಂಬ ಬಗ್ಗೆ ಕಾರ್ಖಾನೆ ಕಾರ್ಖಾನೆಗೂ ಭಿನ್ನಾಭಿಪ್ರಾಯವಿದೆ. ಬೂಷ್ಟು ನಿಧಾನವಾಗಿ ತಂಪಿನಲ್ಲಿ ಬೆಳೆಯುವುದರಿಂದ ಮೊದಲನೆಯ ಕ್ರಮಕ್ಕೆ ಬೆಂಬಲಿಗರು ಹೆಚ್ಚು. ನೀರನ್ನು ನಿತ್ಯವೂ ಕಾರ್ಖಾನೆಯ ಬೇರೆ ಬೇರೆ ನಲ್ಲಿಗಳಿಂದ ಹಿಡಿದು ಪರೀಕ್ಷಿಸಲಾಗುತ್ತದೆ, 100 ಮಿಲಿಲೀಟರಿಗೆ 10 ಜೀವಿಘಟಕ ಅದರ ಮಿತಿ. ಯುರೋಪಿನಲ್ಲಿ 2017ರವರೆಗೆ ಚುಚ್ಚುಮದ್ದಿನ ನೀರನ್ನು ಭಟ್ಟಿಯಿಳಿಸಿಯೇ ಪಡೆಯಬೇಕಿತ್ತು. ಆ ಬಳಿಕ ವಿಲೋಮ ಪರಾಸರಣದಂಥ ಪೊರೆ ವಿಧಾನಗಳಿಗೂ ಅವಕಾಶ ದೊರೆತು, ಪೊರೆಯ ಮೇಲೆ ಬ್ಯಾಕ್ಟೀರಿಯಗಳು ಕಟ್ಟಿಕೊಳ್ಳುವ ಲೋಳೆಪದರದ ಆತಂಕವೂ ಅದರ ಜೊತೆಗೇ ಬಂದಿತು.

ಕ್ಲೀನ್‌ರೂಮಿನ ಮುಖ್ಯ ಮಾಲಿನ್ಯಮೂಲ ಮನುಷ್ಯನೇ. ಸುಮ್ಮನೆ ನಿಂತವರ ಚರ್ಮದಿಂದಲೂ ಕಣಗಳು ನಿರಂತರವಾಗಿ ಉದುರುತ್ತವೆ, ಬೇಗ ನಡೆದರೆ ಇನ್ನಷ್ಟು. ಅದಕ್ಕಾಗಿ ತಲೆಯಿಂದ ಪಾದದವರೆಗೆ ಮುಚ್ಚುವ ಕ್ರಿಮಿಶೂನ್ಯ ಉಡುಪು, ಕಣ್ಣಿಗೆ ಕನ್ನಡಕ, ಎರಡು ಜೊತೆ ಕೈಗವಸು ಕಡ್ಡಾಯ. ಗಡಿಯಾರ, ಆಭರಣ, ಮೊಬೈಲು, ಪ್ರಸಾಧನ ನಿಷಿದ್ಧ. ಭಾರತೀಯ ಮಹಿಳೆಯರ ಮಟ್ಟಿಗೆ ಇದು ತಾಳಿ, ಬಳೆ, ಕುಂಕುಮಗಳಿಗೂ ಅನ್ವಯಿಸುತ್ತದೆ. ಉಡುಪು ತೊಡುವುದರಲ್ಲಿ ಪ್ರತಿಯೊಬ್ಬರೂ ಅರ್ಹತೆ ಪಡೆಯಬೇಕು: ಕ್ರಮವಾಗಿ ತೊಟ್ಟ ಬಳಿಕ ಬೆರಳುಗಳು, ಎದೆ, ಮುಂಗೈ, ಹಣೆಯ ಭಾಗಗಳಿಗೆ ಅಗಾರ್ ತಟ್ಟೆ ಒತ್ತಿ, ಕಾವಿನಲ್ಲಿಟ್ಟು, ಬೆಳವಣಿಗೆ ಮಿತಿಯೊಳಗಿದ್ದರೆ ಮಾತ್ರ ಒಳಕ್ಕೆ ಬಿಡುತ್ತಾರೆ. ಈ ಸಮಸ್ಯೆಯನ್ನೇ ಬೇರುಸಹಿತ ಕೀಳುವ ಯತ್ನವಾಗಿ ಹೊಸ ಕಾರ್ಖಾನೆಗಳು ಐಸೊಲೇಟರ್‌ಗಳನ್ನು ಬಳಸುತ್ತಿವೆ. ಹೈಡ್ರೊಜನ್ ಪೆರಾಕ್ಸೈಡ್ ಆವಿಯಿಂದ ಶುದ್ಧಗೊಳಿಸಿದ ಮುಚ್ಚಿದ ಪೆಟ್ಟಿಗೆಯೊಳಗೆ, ಗೋಡೆಗೆ ಜೋಡಿಸಿದ ಕೈಗವಸಿನ ಮೂಲಕ ಮಾತ್ರ ಕೈಹಾಕುವ ಈ ವ್ಯವಸ್ಥೆಯಲ್ಲಿ ಮನುಷ್ಯ ಹೊರಗೇ ಉಳಿಯುತ್ತಾನೆ. ಆದರೆ ಕೈಗವಸಿನಲ್ಲಿ ಕಣ್ಣಿಗೆ ಕಾಣದ ತೂತೊಂದು ಬಿದ್ದರೆ ಇಡೀ ಏರ್ಪಾಟು ವ್ಯರ್ಥವಾಗುವುದರಿಂದ, ಕೈಗವಸಿನ ಸೋರಿಕೆಯ ಪರೀಕ್ಷೆಯೇ ಈಗ ಒಂದು ಉಪಶಾಸ್ತ್ರವಾಗಿದೆ.

ಇಷ್ಟೆಲ್ಲ ಏರ್ಪಾಟಿನ ಒಟ್ಟು ಬಲವನ್ನು ಅಳೆಯುವ ವಿಧಾನಕ್ಕೆ ಮೀಡಿಯಾ ಫಿಲ್ ಎಂದು ಹೆಸರು. ಔಷಧದ ಬದಲು ಪೋಷಕ ದ್ರವವನ್ನೇ ಸಾವಿರಾರು ಸೀಸೆಗಳಿಗೆ ತುಂಬಿ, ಯಂತ್ರ ಕೆಟ್ಟು ರಿಪೇರಿಯಾಗುವುದು, ಪಾಳಿ ಬದಲಾಗುವುದು, ಸೀಸೆ ಉರುಳಿಬೀಳುವುದು ಮುಂತಾಗಿ ನಿಜದಲ್ಲಿ ಆಗಬಹುದಾದ ಅಡ್ಡಿಗಳನ್ನೆಲ್ಲ ಬೇಕೆಂದೇ ಸೇರಿಸಿ, ಎಲ್ಲ ಸೀಸೆಗಳನ್ನೂ ಕನಿಷ್ಠ 14 ದಿನ ಕಾವಿನಲ್ಲಿಟ್ಟು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಸೀಸೆ ತುಂಬುವ ಹೊಸ ಯಂತ್ರಸಾಲಿಗೆ ಸತತ ಮೂರು ಬಾರಿ, ಆಮೇಲೆ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಇದು ನಡೆಯುತ್ತದೆ. ಗುರಿ ಶೂನ್ಯ ಬೆಳವಣಿಗೆ. ಒಂದೇ ಸೀಸೆ ಕದಡಿದರೂ ಸಾಲು ನಿಲ್ಲಬಹುದು, ಹಿಂದಿನ ಯಶಸ್ವಿ ಮೀಡಿಯಾ ಫಿಲ್‌ನಿಂದ ಈಚೆಗೆ ತುಂಬಿದ ಬ್ಯಾಚುಗಳೆಲ್ಲ ಪ್ರಶ್ನೆಗೆ ಒಳಗಾಗಬಹುದು.

ಒಂದು ಕಾಲೊನಿಯ ಅರ್ಥ

ಎ ದರ್ಜೆಯ ತಟ್ಟೆಯ ಮೇಲೆ ಒಂದೇ ಒಂದು ಕಾಲೊನಿ, ಅಂದರೆ ಒಂದು ಜೀವಿಯಿಂದ ಹುಟ್ಟಿದ ಕಣ್ಣಿಗೆ ಕಾಣುವ ಚುಕ್ಕೆ, ಮೂಡಿದ ಕ್ಷಣದಿಂದ ತನಿಖೆ ಆರಂಭವಾಗುತ್ತದೆ. ಗ್ರಾಮ್ ಬಣ್ಣಲೇಪನ, ಪ್ರೋಟೀನುಗಳ ದ್ರವ್ಯರಾಶಿಯ ಆಧಾರದಿಂದ ಜಾತಿ ಗುರುತಿಸುವ ಮಾಲ್ಡಿ-ಟಾಫ್ ಯಂತ್ರ, 16ಎಸ್ ರೈಬೊಸೋಮ್ ಜೀನಿನ ಓದು ಇವುಗಳ ಮೂಲಕ ಜೀವಿಯ ಹೆಸರನ್ನು ನಿಶ್ಚಯಿಸುವುದು ಮೊದಲ ಹೆಜ್ಜೆ, ಏಕೆಂದರೆ ಹೆಸರು ಆ ಜೀವಿ ಬಂದ ದಾರಿಯನ್ನು ಸೂಚಿಸುತ್ತದೆ. ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್ ಅಥವಾ ಮೈಕ್ರೊಕಾಕಸ್ ಆದರೆ ಮನುಷ್ಯನ ಚರ್ಮ. ಬ್ಯಾಸಿಲಸ್ ಬೀಜಕಗಳಾದರೆ ರಟ್ಟಿನ ಪೆಟ್ಟಿಗೆ, ಧೂಳು ಅಥವಾ ಬೀಜಕಗಳನ್ನು ಕೊಲ್ಲದ ಆಲ್ಕೊಹಾಲಿನ ಮೇಲಿನ ಅತಿನಂಬಿಕೆ. ರಾಲ್ಸ್ಟೋನಿಯ ಅಥವಾ ಬರ್ಕ್‌ಹೋಲ್ಡೇರಿಯ ಆದರೆ ನೀರು. ಪೆನಿಸಿಲಿಯಮ್ ಆದರೆ ಸೋರುವ ಚಾವಣಿ ಅಥವಾ ತೇವ ಹಿಡಿದ ಗೋಡೆ. ಆ ಹೊತ್ತಿನಲ್ಲಿ ಯಾರು ಒಳಗಿದ್ದರು, ಯಾವ ಬಾಗಿಲು ತೆರೆಯಿತು, ಗಾಳಿಯ ಒತ್ತಡ ಇಳಿದಿತ್ತೇ, ಸೋಂಕುನಾಶಕದ ಸರದಿ ತಪ್ಪಿತೇ ಎಂಬುದನ್ನೆಲ್ಲ ದಾಖಲೆ ಮತ್ತು ವಿಡಿಯೊಗಳಿಂದ ಹೊಂದಿಸಿ ನೋಡಿದ ಮೇಲೂ ಕಾರಣ ಸಿಗದ ಪ್ರಕರಣಗಳು ಉಂಟು. ಅಂಥಲ್ಲಿ ‘ಬಹುಶಃ ವಿಶ್ಲೇಷಕರ ಕೈಯಿಂದ’ ಎಂದು ಬರೆದು ಮುಗಿಸುವ ಆಮಿಷ ಬಲವಾದದ್ದು. ಫಾರ್ಮಕೋಪಿಯ ಇದನ್ನು ಅರಿತೇ, ಕ್ರಿಮಿಶೂನ್ಯತೆಯ ಪರೀಕ್ಷೆ ಅನುತ್ತೀರ್ಣವಾದರೆ ಅದನ್ನು ಅಸಿಂಧುವೆನ್ನಲು ಬಿಗಿಯಾದ ಷರತ್ತುಗಳನ್ನಿಟ್ಟಿದೆ: ಪ್ರಯೋಗಾಲಯದ ಪರಿಸರದಲ್ಲಿ ದೋಷ ಕಂಡಿರಬೇಕು, ಕ್ರಮದಲ್ಲಿ ತಪ್ಪು ನಡೆದಿರಬೇಕು, ಔಷಧವಿಲ್ಲದ ನಿಯಂತ್ರಣ ಮಾದರಿಯಲ್ಲಿಯೂ ಬೆಳವಣಿಗೆಯಾಗಿರಬೇಕು ಅಥವಾ ಜೀವಿಯ ಗುರುತು ಪರೀಕ್ಷೆಯ ತಪ್ಪನ್ನೇ ನಿಸ್ಸಂಶಯವಾಗಿ ತೋರಬೇಕು. ಉತ್ತೀರ್ಣವಾಗುವವರೆಗೂ ಮತ್ತೆ ಮತ್ತೆ ಪರೀಕ್ಷಿಸುವ ರೂಢಿಯನ್ನು ಅಮೆರಿಕದ ನ್ಯೂಜೆರ್ಸಿಯ ಒಕ್ಕೂಟ ನ್ಯಾಯಾಲಯ 1993ರಲ್ಲಿ ಬಾರ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ತಳ್ಳಿಹಾಕಿತು.

ತಟ್ಟೆ ಹೇಳಿದ್ದನ್ನು ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ 2012ರ ಅಮೆರಿಕದ ದುರಂತವೇ ದೊಡ್ಡ ಉದಾಹರಣೆ. ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿದ್ದ ನ್ಯೂ ಇಂಗ್ಲೆಂಡ್ ಕಾಂಪೌಂಡಿಂಗ್ ಸೆಂಟರ್ ತಯಾರಿಸಿದ, ಬೆನ್ನುನೋವಿಗಾಗಿ ಬೆನ್ನುಹುರಿಯ ಬಳಿ ಚುಚ್ಚುವ ಸ್ಟೀರಾಯ್ಡ್ ಔಷಧದಲ್ಲಿ, ಹುಲ್ಲಿನ ಸಸ್ಯಗಳ ಮೇಲೆ ಬೆಳೆಯುವ ಎಕ್ಸೆರೊಹೈಲಮ್ ರೋಸ್ಟ್ರೇಟಮ್ ಎಂಬ ಬೂಷ್ಟು ಸೇರಿತ್ತು. ರೋಗನಿಯಂತ್ರಣ ಕೇಂದ್ರದ 2013ರ ಲೆಕ್ಕದಂತೆ 20 ರಾಜ್ಯಗಳಲ್ಲಿ 753 ಜನ ಸೋಂಕಿಗೆ ತುತ್ತಾಗಿ 64 ಮಂದಿ ಸತ್ತರು. ತಪಾಸಣೆಗೆ ಹೋದ ಅಧಿಕಾರಿಗಳು ಕಂಡದ್ದೇನೆಂದರೆ, ಆ ಸಂಸ್ಥೆಯ ಸ್ವಂತ ಪರಿಸರ ಪರೀಕ್ಷೆಗಳಲ್ಲೇ ತಿಂಗಳುಗಟ್ಟಲೆ ಬ್ಯಾಕ್ಟೀರಿಯ ಮತ್ತು ಬೂಷ್ಟು ಮಿತಿಮೀರಿ ಬೆಳೆದಿದ್ದರೂ ಯಾವ ಕ್ರಮವನ್ನೂ ಕೈಗೊಂಡಿರಲಿಲ್ಲ. 2013ರ ಕೊನೆಯಲ್ಲಿ ಅಮೆರಿಕದ ಸಂಸತ್ತು ಔಷಧ ಗುಣಮಟ್ಟ ಮತ್ತು ಭದ್ರತೆಯ ಕಾಯಿದೆಯನ್ನು ಅಂಗೀಕರಿಸಿ, ಇಂಥ ಸಂಸ್ಥೆಗಳಿಗಾಗಿ ಹೊಸ ವರ್ಗವೊಂದನ್ನು ಸೃಷ್ಟಿಸಿತು.

ಮಿತಿ ಮೀರಿದ್ದನ್ನು ಕಡೆಗಣಿಸುವುದಕ್ಕಿಂತ ಕೆಟ್ಟದ್ದು ಅದನ್ನು ಬರೆಯದಿರುವುದು. ಔಷಧದ ರಾಸಾಯನಿಕ ಪರೀಕ್ಷೆಯಲ್ಲಿ ಯಂತ್ರವೇ ಅಂಕಿಯನ್ನು ಉಳಿಸಿಕೊಳ್ಳುತ್ತದೆ, ತಟ್ಟೆಯ ಎಣಿಕೆಯಾದರೋ ಬಹುಕಾಲ ಮನುಷ್ಯನ ಕಣ್ಣು ಮತ್ತು ಪೆನ್ನಿನ ನಡುವಣ ವ್ಯವಹಾರವಾಗಿತ್ತು. ಎಣಿಸಿದ ತಟ್ಟೆಯನ್ನು ಆಟೊಕ್ಲೇವಿಗೆ ಹಾಕಿದ ಮೇಲೆ ಸಾಕ್ಷಿಯೇ ಉಳಿಯುವುದಿಲ್ಲ. ಹೀಗಾಗಿ ವಿದೇಶಿ ತಪಾಸಕರು ಪ್ರಯೋಗಾಲಯಕ್ಕೆ ಬಂದೊಡನೆ ಕಾವುಪೆಟ್ಟಿಗೆಯ ಬಾಗಿಲು ತೆಗೆಸಿ, ಒಳಗಿರುವ ತಟ್ಟೆಗಳ ಸಂಖ್ಯೆಯನ್ನು ದಾಖಲೆಯ ಸಂಖ್ಯೆಯೊಡನೆ ತಾಳೆ ನೋಡುವುದು ಸಾಮಾನ್ಯ. ಪ್ರತಿ ಎಣಿಕೆಯನ್ನೂ ಎರಡನೆಯ ವ್ಯಕ್ತಿ ಖಚಿತಪಡಿಸುವ ಕ್ರಮ ಯುರೋಪು, ಅಮೆರಿಕಗಳಲ್ಲಿ ನೆಲೆಯೂರಿದೆ. ಎಷ್ಟು ದಿನ ನೋಡಿದರೂ ಒಂದೂ ಕಾಲೊನಿ ಕಾಣದ ಬಿ ದರ್ಜೆಯ ಕೋಣೆಯ ದಾಖಲೆ ತಪಾಸಕರಿಗೆ ಮೆಚ್ಚುಗೆಗಿಂತ ಅನುಮಾನವನ್ನೇ ಹೆಚ್ಚು ಹುಟ್ಟಿಸುತ್ತದೆ.

ವೃತ್ತಿಯ ಸ್ವರೂಪ

ತುಂಬುವ ಸಾಲು ಹಗಲಿರುಳು ನಡೆಯುವುದರಿಂದ ಪರಿಸರ ನಿಗಾದ ತಂತ್ರಜ್ಞರು ಪಾಳಿಯಲ್ಲಿ ದುಡಿಯುತ್ತಾರೆ. ಪ್ರಯೋಗಾಲಯದ ವಿಶ್ಲೇಷಕರಿಗೆ ಹಗಲಿನ ಕೆಲಸವಿದ್ದರೂ ಕಾವಿನ ಗಡುವುಗಳು ವಾರಾಂತ್ಯವನ್ನು ನೋಡುವುದಿಲ್ಲ. ಹೊಸಬರು ತಟ್ಟೆ ಒತ್ತುವುದು, ಎಣಿಸುವುದು, ನೀರು ಹಿಡಿಯುವುದರಿಂದ ತೊಡಗಿ, ಎಂಡೊಟಾಕ್ಸಿನ್ ಮತ್ತು ಕ್ರಿಮಿಶೂನ್ಯತೆಯ ಪರೀಕ್ಷೆಗೆ ಏರಿ, ಆಮೇಲೆ ವಿಧಾನಗಳ ಸಿಂಧುತ್ವ ನಿರ್ಣಯ ಮತ್ತು ತನಿಖಾ ಬರವಣಿಗೆಗೆ ಬರುತ್ತಾರೆ. ಮೇಲಕ್ಕೆ ಹೋದಂತೆ ತಟ್ಟೆಗಳಿಗಿಂತ ಬರವಣಿಗೆ ಹೆಚ್ಚುತ್ತದೆ. ಭಾರತದ ಪ್ರಯೋಗಾಲಯಗಳಿಂದ ಹೋದವರಿಗೆ ಕೈಕೆಲಸ ಹೊಸತಲ್ಲ, ನಿಗದಿತ ಕ್ರಮದಿಂದಾದ ಒಂದು ವಿಚಲನೆಯ ಕಾರಣವನ್ನು ಇಂಗ್ಲಿಷಿನಲ್ಲಿ ಹಂತಹಂತವಾಗಿ ವಾದಿಸಿ ಬರೆಯುವುದು ಮತ್ತು ಮೇಲಧಿಕಾರಿಯ ತೀರ್ಮಾನವನ್ನು ಸಭೆಯಲ್ಲೇ ಪ್ರಶ್ನಿಸುವುದು ಹೊಸತು.

ಯುರೋಪಿನ ಒಕ್ಕೂಟದಲ್ಲಿ ಬ್ಯಾಚನ್ನು ಬಿಡುಗಡೆ ಮಾಡುವ ಅಧಿಕಾರ ಕ್ವಾಲಿಫೈಡ್ ಪರ್ಸನ್ ಎಂಬ ಹುದ್ದೆಯವರದು. 1975ರ ನಿರ್ದೇಶನದಿಂದ ಆರಂಭವಾಗಿ ಇಂದು 2001ರ ನಿರ್ದೇಶನದಡಿ ಮುಂದುವರಿದಿರುವ ಈ ವ್ಯವಸ್ಥೆಯಲ್ಲಿ, ಔಷಧಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮುಂತಾದವುಗಳಲ್ಲಿ ನಿಗದಿತ ವಿಷಯಗಳನ್ನು ಓದಿ, ಪರವಾನಗಿಯುಳ್ಳ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಎರಡು ವರ್ಷ ಅನುಭವ ಪಡೆದವರು ವೈಯಕ್ತಿಕ ಕಾನೂನು ಹೊಣೆಯೊಂದಿಗೆ ಪ್ರತಿ ಬ್ಯಾಚಿಗೂ ಸಹಿ ಹಾಕುತ್ತಾರೆ. ಅಮೆರಿಕದಲ್ಲಿ ಹೀಗೆ ಹೆಸರಿಸಿದ ವ್ಯಕ್ತಿ ಇಲ್ಲ. ಸಂಸ್ಥೆಯ ಗುಣಮಟ್ಟ ವಿಭಾಗಕ್ಕೇ ಆ ಹೊಣೆ. ತನಿಖೆ ಮುಗಿಯದೆ ಕ್ವಾಲಿಫೈಡ್ ಪರ್ಸನ್ ಸಹಿ ಹಾಕುವುದಿಲ್ಲ, ಸಹಿಯಿಲ್ಲದೆ ಔಷಧ ಗೋದಾಮು ಬಿಡುವುದಿಲ್ಲ. ಒಂದು ಕಾಲೊನಿಯ ವಿವರಣೆಗಾಗಿ ಕೋಟ್ಯಂತರ ಬೆಲೆಯ ಸರಕು ಕಾಯುತ್ತಿರುವ ಒತ್ತಡವನ್ನು ವಿಶ್ಲೇಷಕರು ನಿತ್ಯ ಅನುಭವಿಸುತ್ತಾರೆ.

ಐರ್ಲೆಂಡಿನಲ್ಲಿ ಜೀವವಿಜ್ಞಾನಿಗಳ ಉದ್ಯೋಗಗಳು ತುರ್ತು ಕೌಶಲಗಳ ಪಟ್ಟಿಯಲ್ಲಿದ್ದು ವಿದೇಶಿಯರಿಗೆ ಕೆಲಸದ ಪರವಾನಗಿ ಅದರ ಮೂಲಕ ದೊರೆಯುತ್ತದೆ. ಡಬ್ಲಿನ್ನಿನ ರಾಷ್ಟ್ರೀಯ ಜೈವಿಕ ಸಂಸ್ಕರಣ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ನಿಜವಾದ ಕಾರ್ಖಾನೆಯಂತೆಯೇ ಕಟ್ಟಿದ ಸಾಲುಗಳಲ್ಲಿ ಅಸೆಪ್ಟಿಕ್ ತರಬೇತಿ ಕೊಡುತ್ತದೆ. ಡೆನ್ಮಾರ್ಕ್, ಜರ್ಮನಿ, ಸ್ವಿಟ್ಜರ್ಲೆಂಡುಗಳಲ್ಲಿ ದಾಖಲೆಗಳು ಇಂಗ್ಲಿಷಿನಲ್ಲಿದ್ದರೂ ಸಾಲಿನ ಮೇಲಿನ ಮಾತುಕತೆ ಸ್ಥಳೀಯ ಭಾಷೆಯಲ್ಲಿ ನಡೆಯುವುದುಂಟು. ಕರ್ನಾಟಕದೊಡನೆ ಈ ಕ್ಷೇತ್ರದ ನಂಟು ಎರಡು ದಿಕ್ಕಿನದು. ಬೆಂಗಳೂರಿನಲ್ಲಿ 1978ರಲ್ಲಿ ಆರಂಭವಾದ ಬಯೊಕಾನ್ ಮಲೇಷ್ಯಾದ ಜೊಹೊರ್‌ನಲ್ಲಿ ಇನ್ಸುಲಿನ್ ಕಾರ್ಖಾನೆಯನ್ನು ಸ್ಥಾಪಿಸಿದೆ. ಬೆಂಗಳೂರಿನ ಚುಚ್ಚುಮದ್ದು ಸಂಸ್ಥೆ ಅಜಿಲಾವನ್ನು 2013ರಲ್ಲಿ ಅಮೆರಿಕದ ಮೈಲಾನ್ ಕೊಂಡುಕೊಂಡಿತು. ಅಮೆರಿಕ, ಯುರೋಪುಗಳಿಗೆ ಔಷಧ ಕಳಿಸುವ ಇಲ್ಲಿನ ಘಟಕಗಳನ್ನು ಅಲ್ಲಿನ ತಪಾಸಕರೇ ಬಂದು ನೋಡುವುದರಿಂದ, ಬೆಂಗಳೂರಿನ ವಿಶ್ಲೇಷಕರು ದೇಶ ಬಿಡುವ ಮೊದಲೇ ವಿದೇಶಿ ನಿಯಮಗಳಡಿ ಪಳಗಿರುತ್ತಾರೆ. ಭಾರತವೂ ಔಷಧ ನಿಯಮಗಳಲ್ಲಿ ತಯಾರಿಕಾ ಕ್ರಮಗಳನ್ನು ಹೇಳುವ ಎಂ ಅನುಸೂಚಿಯನ್ನು 2023ರ ಡಿಸೆಂಬರ್‌ನಲ್ಲಿ ಪರಿಷ್ಕರಿಸಿ ಅಂತಾರಾಷ್ಟ್ರೀಯ ಮಟ್ಟಕ್ಕೆ ಸಮೀಪ ತಂದಿದೆ.

ಉತ್ಪಾದನೆ ಕೆಲವೇ ಸ್ಥಳಗಳಲ್ಲಿ ಕೇಂದ್ರೀಕೃತವಾಗಿರುವುದು ಈ ಉದ್ಯಮದ ದೊಡ್ಡ ಅಪಾಯ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತದ ನೆರೆ ನಾರ್ತ್ ಕ್ಯಾರೊಲಿನಾದ ಬ್ಯಾಕ್ಸ್‌ಟರ್ ಕಾರ್ಖಾನೆಯನ್ನು ಮುಳುಗಿಸಿದಾಗ, ಅಮೆರಿಕದಲ್ಲಿ ನಾಳಕ್ಕೆ ಹರಿಸುವ ದ್ರಾವಣಗಳ ಸುಮಾರು ಶೇಕಡ 60ನ್ನು ಒದಗಿಸುತ್ತಿದ್ದ ಮೂಲವೇ ನಿಂತುಹೋಗಿ, ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ಕೆಸರುನೀರು ಹೊಕ್ಕ ಕಾರ್ಖಾನೆಯನ್ನು ಮತ್ತೆ ಚುಚ್ಚುಮದ್ದಿಗೆ ತಕ್ಕ ಸ್ಥಿತಿಗೆ ತರುವುದು ಯಂತ್ರ ತೊಳೆಯುವಷ್ಟು ಸುಲಭವಲ್ಲ; ಪ್ರತಿ ಕೋಣೆ, ಪ್ರತಿ ನೀರುಕೊಳವೆಯ ಅರ್ಹತೆಯನ್ನೂ ತಟ್ಟೆಗಳ ಮೂಲಕ ಹೊಸದಾಗಿ ಸ್ಥಾಪಿಸಬೇಕು.

ಹದಿನಾಲ್ಕು ದಿನ ಕಾಯಲಾಗದ ಔಷಧಗಳು ಈಗ ಹಳೆಯ ಚೌಕಟ್ಟನ್ನೇ ಅಲುಗಿಸುತ್ತಿವೆ. ಕ್ಯಾನ್ಸರ್ ಪತ್ತೆಗೆ ಬಳಸುವ ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಅದರ ಚುಚ್ಚುಮದ್ದು ಕ್ರಿಮಿಶೂನ್ಯತೆಯ ಫಲಿತಾಂಶ ಬರುವ ಎಷ್ಟೋ ದಿನ ಮೊದಲೇ ರೋಗಿಯ ದೇಹ ಸೇರಿ, ಕ್ಷಯಿಸಿ ಮುಗಿದಿರುತ್ತದೆ. ರೋಗಿಯದೇ ರಕ್ತಕೋಶಗಳನ್ನು ಮಾರ್ಪಡಿಸಿ ಹಿಂದಿರುಗಿಸುವ ಕಾರ್-ಟಿ ಚಿಕಿತ್ಸೆಯಲ್ಲಿ ಇಡೀ ಬ್ಯಾಚೇ ಒಬ್ಬ ರೋಗಿಗೆ ಮೀಸಲಾದ ಒಂದು ಚೀಲ, ಅದರಿಂದ 20 ಮಾದರಿ ತೆಗೆಯುವ ಪ್ರಶ್ನೆಯೇ ಏಳದು. ಇವುಗಳಿಗಾಗಿ ಬೆಳೆಯುವ ಜೀವಿಗಳ ಇಂಗಾಲದ ಡೈಆಕ್ಸೈಡನ್ನು ಅಳೆಯುವ, ಅವುಗಳ ಎಟಿಪಿ ಅಣುವನ್ನು ಬೆಳಕಾಗಿಸಿ ಎಣಿಸುವ ಅಥವಾ ಅವುಗಳ ಜೀನುಗಳನ್ನು ನಕಲು ಮಾಡಿ ಹುಡುಕುವ ತ್ವರಿತ ವಿಧಾನಗಳು ಬಳಕೆಗೆ ಬಂದಿವೆ. ಸಾಂಪ್ರದಾಯಿಕ ಔಷಧಗಳಿಗೂ ಇವನ್ನು ಬಳಸಬಹುದು, ಆದರೆ ಹಳೆಯ ವಿಧಾನಕ್ಕಿಂತ ಇವು ಕಡಿಮೆಯಲ್ಲವೆಂದು ಪ್ರತಿ ಔಷಧಕ್ಕೂ ಕಾರ್ಖಾನೆಯೇ ಸಾಬೀತುಪಡಿಸಬೇಕು. ಕ್ಯಾಮೆರಾ ಮತ್ತು ಗಣಕದಿಂದ ಕಾಲೊನಿ ಎಣಿಸುವ ಕಾವುಪೆಟ್ಟಿಗೆಗಳು ಯುರೋಪಿನ ದೊಡ್ಡ ಪ್ರಯೋಗಾಲಯಗಳಲ್ಲಿ ಎರಡನೆಯ ಎಣಿಕೆದಾರರ ಜಾಗವನ್ನು ತುಂಬತೊಡಗಿವೆ. ತಟ್ಟೆಯ ಚಿತ್ರ ಶಾಶ್ವತವಾಗಿ ಉಳಿಯುವುದರಿಂದ ತಪಾಸಕರೂ ಇವನ್ನು ಸ್ವಾಗತಿಸಿದ್ದಾರೆ.